ಸಾಕ್ಷಿ ಬಾಟಲಿ

ಮಾರ್ಚ್ ೩, ಸೋಮವಾರ

ಮದುವೆಯಾಗಿ ಇವತ್ತಿಗೆ ಒಂದು ತಿಂಗಳು! ಬೆಳಗ್ಗೆ ಇವನು ಕಣ್ಣು ಬಿಡುತ್ತಲೇ "ಕಂಗ್ರಾಜುಲೇಷನ್ಸ್" ಅಂದ. ನಾನೂ ಗಾಬರಿಯಲ್ಲಿ "ಥ್ಯಾಂಕ್ಯೂ, ನಿಮಗೂ" ಅಂದುಬಿಟ್ಟೆ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಹತ್ತಿರ ಮಾತಾಡಿದ ಹಾಗೆ! ಇಬ್ಬರೂ ನಕ್ಕು ನಕ್ಕು, ಅತ್ತೆ ಬಾಗಿಲು ತಟ್ಟಿ "ಚಹಾ ಆರ್ತಾ ಇದೆ, ಆಮೇಲೆ ನಗಿ" ಅನ್ನಬೇಕಾಯಿತು.

ಶಾಲೆ ಕಾಲೇಜೆಲ್ಲ ಇಂಗ್ಲಿಷಿನಲ್ಲೇ ಬರೆದು ಬೆಳೆದವಳು ನಾನು. ಈ ಡೈರಿಯನ್ನೂ ಹಾಗೇ ಶುರುಮಾಡಿದೆ. 'ಐ ಆಮ್ ಸೋ ಹ್ಯಾಪಿ' ಅಂತ ಬರೆದು ನೋಡಿದರೆ ಅಂಗಡಿಯಲ್ಲಿ ಕೊಂಡ ಕಾರ್ಡಿನ ಹಾಗೆ ಕಾಣಿಸಿತು. ಹರಿದು ಹಾಕಿದೆ. ಖುಷಿಯಾಗಿದ್ದೇನೆ. ಹ್ಞಾಂ, ಇದು ಸರಿ.

ಈ ಮನೆಯಲ್ಲಿ ಎಲ್ಲರೂ ನನಗೆ ಇಷ್ಟ, ಎಲ್ಲರಿಗೂ ನಾನು ಇಷ್ಟವಾಗಬೇಕು. ಅತ್ತೆ ಮಾತು ಕಡಿಮೆ, ಆದರೆ ನನ್ನ ತಟ್ಟೆ ಖಾಲಿಯಾಗಲು ಬಿಡುವುದಿಲ್ಲ. ನಾದಿನಿಯನ್ನು ಮನೆಯವರೆಲ್ಲ ಪುಟ್ಟಿ ಅನ್ನುತ್ತಾರೆ. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ಬಂದರೂ ಪುಟ್ಟಿಯೇ! ಅವಳ ಗಂಡ ಹಡಗಿನಲ್ಲಿ ಎಂಜಿನಿಯರ್, ಹೆರಿಗೆಯಾಗುವವರೆಗೂ ಅವಳು ಇಲ್ಲೇ.

ಇನ್ನು ಮಾವ. ಅವರನ್ನು ಬಾವಿ ಬಿಟ್ಟು ವರ್ಣಿಸುವುದು ಸಾಧ್ಯವಿಲ್ಲ. ಹಿತ್ತಲಲ್ಲಿರುವ ಕೊಳವೆ ಬಾವಿ ತೋಡಿಸಿದ್ದು ಅವರೇ, ಪಂಪಿನ ಹಿತ್ತಾಳೆ ಭಾಗಗಳನ್ನು ಲೇತ್ ಮೇಲೆ ಕಡೆದವರೂ ಅವರೇ. ಅವರು ಲೇತ್ ಕೆಲಸದಲ್ಲಿದ್ದು ನಿವೃತ್ತರಾದವರು. ಹೊರಗೋಡೆಗೊಂದು ನಲ್ಲಿ ಕೂರಿಸಿ ಬೀದಿಗೆಲ್ಲ ಕುಡಿಯುವ ನೀರು ಕೊಡುತ್ತಾರೆ. ಊರಿನ ಪೈಪಿನಲ್ಲಿ ಬರುವ ನೀರನ್ನು ಇಲ್ಲಿ ಯಾರೂ ಕುಡಿಯುವುದಿಲ್ಲ. ಪುಟ್ಟಿಯಂತೂ "ಈಜುಕೊಳ ಕುಡಿದ ಹಾಗಾಗುತ್ತೆ" ಅಂತ ಮೂಗು ಮುರಿಯುತ್ತಾಳೆ.

ಬುಧವಾರ ನಾನು ಕೆಲಸ ಮಾಡುವ ನೀರು ಪರೀಕ್ಷೆಯ ಲ್ಯಾಬಿನಿಂದ ಈ ಭಾಗದ ಬಾವಿಗಳ ನೀರು ತೆಗೆಯಬೇಕು. ನಮ್ಮ ಬಾವಿಯೂ ಇದೆ ಅಂದ ತಕ್ಷಣ ಮಾವ ಎದ್ದು ನಿಂತರು. "ಸರ್ಟಿಫಿಕೇಟ್ ತಾ ಮಗಳೇ. ಫ್ರೇಮ್ ಹಾಕಿಸಿ ನಲ್ಲಿ ಮೇಲೇ ಹೊಡೀತೀನಿ!"

ತಂದೇ ತರುತ್ತೇನೆ.

ಮಾರ್ಚ್ ೫, ಬುಧವಾರ

ಇವತ್ತಿನ ದಿನವನ್ನು ಮಡಿಸಿ ಜೋಪಾನವಾಗಿ ಇಟ್ಟುಕೊಳ್ಳಬೇಕು!

ಮೊದಲು ಕೆಲಸದ ಭಾಗ ಬರೆದು ಮುಗಿಸುತ್ತೇನೆ. ನಾವು ಹುಡುಕುವ ರಾಸಾಯನಿಕಗಳ ಹೆಸರು ಮೊಳದುದ್ದ, ಆದ್ದರಿಂದ ಆಫೀಸಿನಲ್ಲಿ ಅವುಗಳಿಗೆ 'ಮೊಂಡುಗಳು' ಅನ್ನುತ್ತೇವೆ. ಕುದಿಸಿದರೂ ಹೋಗುವುದಿಲ್ಲ. ಬಣ್ಣ, ರುಚಿ, ವಾಸನೆ ಏನೂ ಇಲ್ಲ. ಮಣ್ಣಿಗೆ ಸೇರಿದರೆ ಮಣ್ಣಿನಲ್ಲೇ ಇರುತ್ತವೆ, ಮೈಗೆ ಸೇರಿದರೆ ಮೈಯಲ್ಲೇ. ನೀರು ಅಂಟದ, ಎಣ್ಣೆ ಅಂಟದ ಸಾಮಾನುಗಳಿಗೆ ಅವು ಬೇಕು. ರೈಲು ಹಳಿಯ ಆಚೆ ಟಾರ್ಪಾಲಿಗೆ ಲೇಪ ಹಚ್ಚುವ ಕಾರ್ಖಾನೆ ಇತ್ತು. ಮುಚ್ಚಿ ಎಷ್ಟೋ ವರ್ಷವಾದರೂ ನೆಲದ ಕೆಳಗೆ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಅದನ್ನೇ ನೋಡಬೇಕು.

ತಮಾಷೆ ಏನೆಂದರೆ ಈ ಮೊಂಡುಗಳು ನಾವು ಹಾಕಿಕೊಳ್ಳುವುದರಲ್ಲಿ, ಹಚ್ಚಿಕೊಳ್ಳುವುದರಲ್ಲಿ ಎಲ್ಲ ಇರುತ್ತವೆ. ಆದ್ದರಿಂದ ನೀರು ತೆಗೆಯುವವರಿಗೆ ಹೊಸ ಬಟ್ಟೆ ಇಲ್ಲ, ಕ್ರೀಮ್ ಇಲ್ಲ, ಸೆಂಟ್ ಇಲ್ಲ, ಲಿಪ್‌ಸ್ಟಿಕ್ ಇಲ್ಲ. ಹೊಸದಾಗಿ ಮದುವೆಯಾದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ! ನನ್ನ ಕಪಾಟಿನಲ್ಲಿ ಲೇಬಲ್ ಬಿಚ್ಚದ ಬಟ್ಟೆಗಳೇ ಎಲ್ಲ. ಕೊನೆಗೆ ಇವನ ಹಳೇ ಹತ್ತಿ ಅಂಗಿ ಹಾಕಿಕೊಂಡು ಹೊರಟೆ. ಒಗೆದು ಒಗೆದು ಗೆರೆಗಳೇ ಅಳಿಸಿಹೋಗಿವೆ. ಕನ್ನಡಿಯಲ್ಲಿ ನೋಡಿಕೊಂಡು ಐದು ನಿಮಿಷ ಅಲ್ಲೇ ನಿಂತಿದ್ದೆ.

ಪ್ರತಿ ಬಾವಿಯ ಹತ್ತಿರವೂ ಒಂದು ಸಾಕ್ಷಿ ಬಾಟಲಿ ತುಂಬಬೇಕು. ಲ್ಯಾಬಿನಿಂದ ಒಯ್ದ ಶುದ್ಧ ನೀರನ್ನು ಅಲ್ಲೇ ಇನ್ನೊಂದು ಬಾಟಲಿಗೆ ಸುರಿದು, ಮುಚ್ಚಿ, ವಾಪಸು ತರುವುದು. ಅದರಲ್ಲಿ ಮೊಂಡು ಸಿಕ್ಕರೆ ಬಾವಿಯದಲ್ಲ, ನಮ್ಮ ಕೈಯಿಂದ ಸೇರಿದ್ದು ಎಂದರ್ಥ. ಅದು ಸೊನ್ನೆ ಇರಲೇಬೇಕು ಅಂತ ನಮ್ಮ ಮುಖ್ಯಸ್ಥೆಯ ಹಟ. ಅದಕ್ಕೇ ಅವರಿಗೆ ಬೆನ್ನ ಹಿಂದೆ 'ಸೊನ್ನೆ ಮೇಡಂ' ಅಂತ ಹೆಸರು.

ಈಗ ಚೆನ್ನಾದ ಭಾಗ! ಕೊನೆಯದು ನಮ್ಮ ಮನೆ. ಬಾಟಲಿ ಹೊರತೆಗೆಯುವ ಹೊತ್ತಿಗೆ ತುಂತುರು ಮಳೆ ಶುರುವಾಯಿತು. ಇವನು ಆಫೀಸಿನಿಂದ ಬೇಗ ಬಂದಿದ್ದವನು ಒಳಗಿನಿಂದ ಓಡಿಬಂದ, ಕೈಯಲ್ಲಿ ಆ ಹಳದಿ ರೇನ್‌ಕೋಟು. ಮದುವೆಗೆ ಇವನ ಗೆಳೆಯರು ಕೊಟ್ಟ ಜೋಡಿಯಲ್ಲಿ ಒಂದು, ಇವತ್ತೇ ಪ್ಯಾಕೆಟ್ ಒಡೆದದ್ದು. "ನೆಂದು ಜ್ವರ ಬಂದ್ರೆ ಸೊನ್ನೆ ಮೇಡಂ ಬಂದು ನೋಡ್ಕೊಳ್ತಾರಾ?" ಅಂತ ಹೆಗಲ ಮೇಲೆ ಹೊದಿಸಿ, ಟೋಪಿಯನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ನಿಂತ. ನಾನು ತುಂಬುತ್ತಿದ್ದೆ, ಅವನು ಹಿಡಿದಿದ್ದ. ತೋಳಿನಿಂದ ಹನಿಗಳು ನನ್ನ ಮಣಿಕಟ್ಟಿನ ಮೇಲೆ ಇಳಿದು ಕಚಗುಳಿ ಇಡುತ್ತಿದ್ದವು.

ಮಾವ ಕಿಟಕಿಯಿಂದ ಕೂಗಿದರು. "ಒಂದು ಬಾಟಲಿ ತುಂಬೋಕೆ ಇಬ್ಬರು ಬೇಕೇನ್ರೋ?"

ಬೇಕು!

ಮಾರ್ಚ್ ೮, ಶನಿವಾರ

ಪರದೆ ತಂದೆವು. ನೀಲಿ. ಅಂಗಡಿಯಲ್ಲಿ ಜಗಳ, ಬಸ್ಸಿನಲ್ಲಿ ರಾಜಿ. ಎದುರು ಮನೆ ಟೈಲರ್ ಅಂಚು ಹೊಲಿದು ಕೊಟ್ಟರು. ಮಾವ ಅವರಿಗೆ "ನಮ್ಮ ನೀರು ಈಗ ಲ್ಯಾಬಲ್ಲಿದೆ, ಫಸ್ಟ್ ಕ್ಲಾಸಲ್ಲಿ ಪಾಸ್ ಆಗುತ್ತೆ" ಅನ್ನುತ್ತಿದ್ದರು. ಮಗನ ಪರೀಕ್ಷೆಗೂ ಇಷ್ಟು ಹಾರಾಡಿರಲಿಲ್ಲವಂತೆ, ಅತ್ತೆ ಹೇಳಿದರು.

ಮಾರ್ಚ್ ೧೩, ಗುರುವಾರ

ನಾನು ಎಂಥ ಪೆದ್ದು!

ಮೇಡಂ ಕರೆದು ಬಾಗಿಲು ಮುಚ್ಚಿದರು. ಉಳಿದ ಬಾವಿಗಳ ಸಾಕ್ಷಿ ಬಾಟಲಿಗಳೆಲ್ಲ ಸೊನ್ನೆ, ನಮ್ಮ ಮನೆಯದರಲ್ಲಿ ಮಾತ್ರ ಮೊಂಡು.

"ಮೈಮೇಲೆ ಏನಿತ್ತು?"

"ಹಳೇ ಹತ್ತಿ ಅಂಗಿ ಮೇಡಂ. ಕ್ರೀಮ್ ಕೂಡ ಹಚ್ಚಿರಲಿಲ್ಲ."

"ಮಳೆ ಬಂತಲ್ಲ ಅವತ್ತು."

ಆಗ ಹೊಳೆಯಿತು. ರೇನ್‌ಕೋಟು! ನೀರು ಅಂಟದ ಹೊಸ ರೇನ್‌ಕೋಟು! ಕೆಲಸಕ್ಕೆ ಸೇರಿದ ದಿನವೇ ಹೇಳಿಕೊಟ್ಟಿದ್ದರು, ಮಳೆಯಲ್ಲಿ ನೆನೆಯಿರಿ, ಕೋಟು ಮಾತ್ರ ಹಾಕಬೇಡಿ ಅಂತ. ಮುಖ ಕೆಂಪಾಗಿ, ಗಂಡ ಹೊದಿಸಿದ ಕಥೆಯನ್ನೆಲ್ಲ ಹೇಳಿದೆ. ಮೇಡಂ ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ಸಾಕ್ಷಿ ಕೆಟ್ಟರೆ ಕೇಸು ಬಿದ್ದ ಹಾಗೆ. ಈ ಬಾವಿಯ ಫಲಿತಾಂಶ ಲೆಕ್ಕಕ್ಕಿಲ್ಲ" ಅಂದರು.

ಮನೆಗೆ ಬಂದು ಊಟದ ಮೇಜಿನಲ್ಲಿ ನಾನೇ ಎಲ್ಲ ಹೇಳಿದೆ. ಇವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಪುಟ್ಟಿ ನಕ್ಕು ಹೊಟ್ಟೆ ಹಿಡಿದುಕೊಂಡಳು. ಮಾವನ ಖುಷಿಯಂತೂ ಕೇಳುವುದೇ ಬೇಡ.

"ಅಂದ್ರೆ ನನ್ನ ನೀರು ಸರಿಯಾಗೇ ಇದೆ, ನನ್ನ ಮಗನ ಪ್ರೀತಿಯೇ ವಿಷ!"

ಊಟ ಬಿಟ್ಟು ಎದ್ದುಹೋಗಿ ಟೈಲರ್‌ಗೂ ಹೇಳಿ ಬಂದರು. ಆ ನಗು ಇಲ್ಲಿಗೆ ಕೇಳಿಸಿತು.

ಎಲ್ಲರೂ ಎದ್ದಮೇಲೆ ಪುಟ್ಟಿ ಲೋಟ ಕೈಯಲ್ಲಿ ಹಿಡಿದು ಕೇಳಿದಳು. "ಅತ್ತಿಗೆ, ಹಾಗಾದ್ರೆ ಕುಡೀಬಹುದು ತಾನೇ?"

"ಕುಡಿ ಮಾರಾಯ್ತಿ, ಏನೂ ಆಗಲ್ಲ!" ಅಂದೆ.

ಗಟಗಟ ಕುಡಿದಳು. ಈ ಮನೆಯವರು ಎಷ್ಟು ಒಳ್ಳೆಯವರು! ಇಂಥ ತಪ್ಪಿಗೆ ಯಾರಾದರೂ ನಗುತ್ತಾರೆಯೇ?

ಮಾರ್ಚ್ ೧೪, ಶುಕ್ರವಾರ

ನಿನ್ನೆ ಒಂದು ಮಾತು ಬರೆಯಲಿಲ್ಲ. ಮೇಡಂ ಮೇಜಿನ ಮೇಲಿದ್ದ ಹಾಳೆಯನ್ನು ನಾನು ಎದುರಿನಿಂದ, ತಲೆಕೆಳಗಾಗಿಯೇ ಓದಿಬಿಟ್ಟಿದ್ದೆ. ಸಾಕ್ಷಿ ಬಾಟಲಿಯಲ್ಲಿ ಇದ್ದದ್ದು ಸ್ವಲ್ಪ. ಬಾವಿ ನೀರಿನಲ್ಲಿ ಇದ್ದದ್ದು ಅದರ ಎಷ್ಟೋ ಪಟ್ಟು. ಅಷ್ಟೆಲ್ಲ ಒಂದು ರೇನ್‌ಕೋಟಿನ ತೋಳಿನಿಂದ ಬರಲು ಸಾಧ್ಯವೇ? ಬಂದಿರಲೂಬಹುದು. ಅದಕ್ಕೇ ಅಲ್ಲವೇ ಲೆಕ್ಕಕ್ಕಿಲ್ಲ ಅನ್ನುವುದು.

ಬೆಳಗ್ಗೆ ಪುಟ್ಟಿ ಗೋಡೆ ನಲ್ಲಿಯ ಹತ್ತಿರ ಬಾಟಲಿ ತುಂಬುತ್ತಿದ್ದಳು. ಇನ್ನೊಂದು ಕೈ ಸೊಂಟದ ಮೇಲೆ. ನನ್ನನ್ನು ನೋಡಿ ನಕ್ಕು, ಬಾಟಲಿ ಎತ್ತಿದಳು.

"ಪುಟ್ಟಿ, ಸ್ವಲ್ಪ ದಿನ ಪೈಪಿನ ನೀರು ಕುಡೀತೀಯಾ? ಅದನ್ನ ನಾವು ತಿಂಗಳಿಗೊಮ್ಮೆ ನೋಡ್ತೀವಿ. ಚೆನ್ನಾಗಿದೆ."

"ನಿನ್ನೆ ಕುಡಿ ಅಂದ್ರಲ್ಲ ಅತ್ತಿಗೆ?"

"ಗೊತ್ತಿಲ್ಲದೆ ಅಂದೆ."

"ಮತ್ತೆ ಈಗ ಗೊತ್ತಾಯ್ತಾ?"

"ಇಲ್ಲ. ಈಗಲೂ ಗೊತ್ತಿಲ್ಲ. ಅದಕ್ಕೇ ಬೇಡ ಅಂತಿದೀನಿ."

ಹಿಂದೆ ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ತಿರುಗಿ ಒಳಗೆ ಹೋದರು.

ಮಾರ್ಚ್ ೧೭, ಸೋಮವಾರ

ಮಾವ ನನ್ನ ಹತ್ತಿರ ಮಾತಾಡುತ್ತಾರೆ, ಆದರೆ ಪೋಸ್ಟ್‌ಮ್ಯಾನ್ ಹತ್ತಿರ ಮಾತಾಡಿದ ಹಾಗೆ. 'ಮಗಳೇ' ಇಲ್ಲ. ಉಪ್ಪು ಬೇಕಾದರೂ ಅತ್ತೆಯನ್ನು ಕೇಳುತ್ತಾರೆ, ಉಪ್ಪು ನನ್ನ ಮುಂದೆ ಇದ್ದರೂ.

ಭಾನುವಾರ ಇವನಿಗೂ ನನಗೂ ಮೊದಲನೇ ನಿಜವಾದ ಜಗಳ. ಪರದೆಯ ಜಗಳ ಲೆಕ್ಕಕ್ಕಿಲ್ಲ.

"ಒಂದ್ಸಲ ತಪ್ಪಾಯ್ತು, ಮುಗೀತು. ಎಲ್ಲರೂ ನಕ್ಕು ಮರೆತೂ ಆಯ್ತು. ಮತ್ತೆ ಯಾಕೆ ಕೆದಕ್ತೀಯಾ? ಅಪ್ಪನ ಜೀವ ಇರೋದು ಆ ನಲ್ಲೀಲಿ."

"ಪುಟ್ಟಿ ಕುಡೀತಿರೋದೂ ಅದೇ ನಲ್ಲೀದು."

"ಅಮ್ಮ ನನ್ನನ್ನೂ ಅದೇ ನೀರು ಕುಡಿದು ಹೆತ್ತಿದ್ದು."

"ಆಗ ಕಾರ್ಖಾನೆ ಇರಲಿಲ್ಲ. ಅತ್ತೆನ ಕೇಳಿದೀನಿ."

ನಾನು ಅಳಬಹುದೆಂದು ಕಾಯುತ್ತಿದ್ದ ಅನ್ನಿಸುತ್ತದೆ. ನಾನೂ ಕಾದೆ, ಅಳು ಬರಲಿಲ್ಲ. ಆಮೇಲೆ ಇಬ್ಬರೂ ಸೇರಿ ಪಾತ್ರೆ ತೊಳೆದೆವು.

ಇವತ್ತು ಮೇಡಂ ಹತ್ತಿರ ಹೋಗಿ ಮತ್ತೆ ನೀರು ತೆಗೆಯಬೇಕು ಅಂದೆ. ತಲೆಯೆತ್ತದೆ ಹೇಳಿದರು. "ನೀವು ಕೇಳದೇ ಇದ್ದಿದ್ರೆ ನಾನು ಬೇರೆಯವರನ್ನ ಕಳಿಸ್ತಿದ್ದೆ. ಗುರುವಾರ ಇಬ್ಬರೂ ಹೋಗೋಣ. ನಿಮ್ಮದೊಂದು ಜೊತೆ ಬಾಟಲಿ, ನನ್ನದೊಂದು ಜೊತೆ. ನಿಮ್ಮ ಮನೆ ಬಾವಿ, ನಿಮ್ಮೊಬ್ಬರ ಮೇಲೆ ಹಾಕೋದು ನ್ಯಾಯ ಅಲ್ಲ."

ಪುಟ್ಟಿ ಪೈಪಿನ ನೀರು ಕುಡಿಯುತ್ತಿದ್ದಾಳೆ. ಮೂಗು ಹಿಡಿದುಕೊಂಡು, ನನಗೆ ಕಾಣುವ ಹಾಗೆ.

ಮಾರ್ಚ್ ೨೦, ಗುರುವಾರ

ಎದ್ದಾಗ ಆ ಹಳೇ ಅಂಗಿ ಹಗ್ಗದ ಮೇಲೆ ಒಣಗಿತ್ತು. ಸೋಪಿನ ವಾಸನೆಯೂ ಇಲ್ಲ, ಬರೀ ನೀರಿನಲ್ಲಿ ಒಗೆದದ್ದು. ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆ ಒಲೆಯ ಕಡೆ ಮುಖ ಮಾಡಿಕೊಂಡೇ "ಪೈಪಿನ ನೀರಲ್ಲಿ ಜಾಲಿಸಿದೀನಿ. ಅದು ಪರವಾಗಿಲ್ಲ ತಾನೇ?" ಅಂದರು.

ಮೇಡಂ ಬಂದರು. ಅವರ ಅಂಗಿ ನನ್ನದಕ್ಕಿಂತ ಹಳೆಯದು, ಮೊಣಕೈ ಹತ್ತಿರ ತೇಪೆ ಬೇರೆ. ಮಾವ ಹಿತ್ತಲಿಗೆ ಬಂದು, ಎಷ್ಟಾದರೂ ಮನೆಗೆ ಬಂದವರಲ್ಲವೇ, ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಮುಂದೆ ಚಾಚಿದರು.

"ಬಿಸಿಲಲ್ಲಿ ಬಂದಿದೀರಿ. ತಗೊಳ್ಳಿ."

ಮೇಡಂ ಲೋಟ ನೋಡಿದರು, ಮಾವನನ್ನು ನೋಡಿದರು. "ಫಲಿತಾಂಶ ಚೆನ್ನಾಗಿ ಬಂದ್ರೆ ನಾನೇ ಬಂದು ಕೇಳಿ ಕುಡೀತೀನಿ ಸರ್. ಇವತ್ತು ಬೇಡ."

ಹೋದ ವಾರವಾಗಿದ್ದರೆ ನಡುವೆ ಬಾಯಿ ಹಾಕಿ, ನಾನೇ ಆ ಲೋಟ ತೆಗೆದುಕೊಂಡು ಕುಡಿದು, ಏನಾದರೂ ತಮಾಷೆ ಮಾಡುತ್ತಿದ್ದೆನೇನೋ. ಕೈಗವಸು ಬೇರೆ ಹಾಕಿಕೊಂಡಿದ್ದೆ, ಸುಮ್ಮನೆ ನಿಂತೆ. ಮಾವ ಆ ಲೋಟವನ್ನು ತಾವೇ ಕುಡಿದರು. ನಮ್ಮ ಕಡೆ ನೋಡುತ್ತ, ನಿಧಾನವಾಗಿ, ಕೊನೆಯ ಹನಿಯವರೆಗೂ.

ಇವನು ಹಿಂಬಾಗಿಲಿಗೆ ಬಂದ. ಅತ್ತೆ ತಿರುಗಿ ಕೈ ಅಡ್ಡ ಹಿಡಿದರು. "ನೀನು ಅಲ್ಲೇ ನಿಲ್ಲು. ನಿನ್ನ ಪ್ರೀತಿ ಬಾಟಲಿಗೆ ಆಗಿಬರಲ್ಲವಂತೆ."

ಮೇಡಂ ನಕ್ಕದ್ದನ್ನು ಮೊದಲ ಸಲ ನೋಡಿದೆ. ಮಾವನ ಮೀಸೆಯೂ ಅಲ್ಲಾಡಿತು, ಆದರೆ ತಡೆದುಕೊಂಡರು.

ಪಂಪು ಸ್ವಲ್ಪ ಹೊತ್ತು ಓಡಲು ಬಿಟ್ಟೆವು. ನೀರು ಎಷ್ಟು ತಿಳಿಯಾಗಿತ್ತೆಂದರೆ ಬಾಟಲಿ ತುಂಬಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬಾವಿ ನೀರು, ಆಮೇಲೆ ಸಾಕ್ಷಿ ಬಾಟಲಿ. ನಾನು ಮುಗಿಸಿದ ಮೇಲೆ ಮೇಡಂ.

ಮಾರ್ಚ್ ೨೪, ಸೋಮವಾರ

ಲ್ಯಾಬಿನ ಯಂತ್ರದಲ್ಲಿ ನಮ್ಮ ಬಾಟಲಿಗಳ ಸರದಿ ಇನ್ನೂ ಬಂದಿಲ್ಲ. ಪುಟ್ಟಿಗೆ ಕಾಲು ಊದಿದೆ. ಮಾವ ಪಂಪಿಗೆ ಎಣ್ಣೆ ಬಿಡುತ್ತಿದ್ದರು.

ಮಾರ್ಚ್ ೨೮, ಶುಕ್ರವಾರ

ಎರಡೂ ಸಾಕ್ಷಿ ಬಾಟಲಿಗಳು ಸೊನ್ನೆ. ಬಾವಿ ನೀರಿನಲ್ಲಿ, ನನ್ನ ಬಾಟಲಿಯಲ್ಲೂ ಮೇಡಂ ಬಾಟಲಿಯಲ್ಲೂ, ಕುಡಿಯುವ ನೀರಿಗೆ ಹಾಕಿದ ಮಿತಿಯ ಆರು ಪಟ್ಟು ಮೊಂಡು.

ಮೇಡಂ ಆಫೀಸಿನ ಪತ್ರ ಸೋಮವಾರ ಹೋಗುತ್ತದೆ ಅಂದರು. "ಅಲ್ಲಿತನಕ ಮನೆಯವರಿಗೆ ಹೇಳಬಹುದಾ?" ಅಂತ ಕೇಳಿದೆ. "ಹೇಳದೆ ಇರೋಕಾಗುತ್ತಾ ನಿಮಗೆ?" ಅಂದರು.

ಬಸ್ಸಿನಲ್ಲಿ ಹೇಗೆ ಶುರುಮಾಡಲಿ ಎಂದು ಯೋಚಿಸಿಕೊಂಡು ಬಂದೆ. ಇವನಿಗೆ ಮೊದಲು ಹೇಳಿ ಅವನ ಬಾಯಿಂದ ಹೇಳಿಸೋಣ ಅಂದುಕೊಂಡೆ. ಬಾಗಿಲು ತೆರೆದರೆ ಎಲ್ಲರೂ ನಡುಮನೆಯಲ್ಲೇ ಇದ್ದರು, ನನಗಾಗಿಯೇ ಕೂತವರ ಹಾಗೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

"ಮಾವ, ಬಾವೀಲಿ ಮೊಂಡು ಇದೆ. ತುಂಬ ಇದೆ. ಕುಡಿಯೋ ಹಾಗಿಲ್ಲ. ಆಫೀಸಿನ ಪತ್ರ ಸೋಮವಾರ ಬರುತ್ತೆ."

ಮಾವ ಕನ್ನಡಕ ತೆಗೆದರು. "ಸಾಕ್ಷಿ ಬಾಟಲಿ?"

"ಸೊನ್ನೆ."

"ಎರಡೂ?"

"ಎರಡೂ ಮಾವ."

ತಲೆಯಾಡಿಸಿದರು. ಎದ್ದು ಒಳಗೆ ಹೋಗಿ ಸ್ಪ್ಯಾನರ್ ತಂದರು, ನಮ್ಮನ್ನು ದಾಟಿ ಹೊರಗೆ ಹೋದರು. ಗೋಡೆ ನಲ್ಲಿಯ ತಿರುಪು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಲೇತ್ ಕೆಲಸದವರ ಕೈ, ಒಂದು ಸಲವೂ ಜಾರಲಿಲ್ಲ. ಆದರೆ ತಿರುಪು ಬಿಚ್ಚಿಯಾದ ಮೇಲೂ ಗೋಡೆಯ ಕಡೆಗೇ ನಿಂತಿದ್ದರು. ಇವನು ಹತ್ತಿರ ಹೋಗಲು ಹೊರಟ, ಅತ್ತೆ ತೋಳು ಹಿಡಿದರು.

ಆಮೇಲೆ ಮಾವ ತಿರುಗಿ, "ಸೋಮವಾರ ಪತ್ರ ಬರೋತನಕ ಜನ ಕುಡೀತಾನೇ ಇರ್ತಾರಲ್ಲ. ಮನೇಲಿ ತುಂಬಿಟ್ಟಿರ್ತಾರೆ. ನೀನೂ ಬಾ" ಅಂದರು.

ಮೊದಲು ಟೈಲರ್ ಮನೆ. ಮಾವ ಎರಡೇ ಮಾತಿನಲ್ಲಿ ಹೇಳಿದರು. ಟೈಲರ್ ಬಾಯಲ್ಲಿದ್ದ ಗುಂಡುಸೂಜಿ ತೆಗೆದು, ನಮ್ಮಿಬ್ಬರನ್ನೂ ನೋಡಿ ನಕ್ಕರು.

"ಅದು ರೇನ್‌ಕೋಟಿಂದು ಅಂತ ನೀವೇ ಬಂದು ಹೇಳಿದ್ರಲ್ಲ ಯಜಮಾನ್ರೇ? ಹೋದ ಸಲ ತಪ್ಪು, ಈ ಸಲ ಸರಿ ಅಂದ್ರೆ ಹೇಗೆ ನಂಬೋದು?"

ಮಾವ ಹೇಳಿದರು.

"ತಪ್ಪಾಗಿದೆ ಅಂತ ಕಂಡುಹಿಡಿದಿದ್ದು ನೀವೇನಲ್ಲ, ನಾನೂ ಅಲ್ಲ. ಲ್ಯಾಬಿನವರೇ ಕಂಡುಹಿಡಿದ್ರು. ಇವಳೇ ಮನೆಗೆ ಬಂದು ಹೇಳಿದ್ಲು. ಯಾರೂ ಬಲವಂತ ಮಾಡಿರಲಿಲ್ಲ. ತಪ್ಪಾದಾಗ ತಪ್ಪು ಅಂದವಳು ಈಗ ಸರಿ ಅಂತಿದಾಳೆ. ನಾನು ನಲ್ಲಿ ಬಿಚ್ಚಿದೀನಿ."

ಜೇಬಿನಿಂದ ತಿರುಪು ತೆಗೆದು ತೋರಿಸಿದರು. ಟೈಲರ್ ಒಳಗೆ ಹೋದರು. ನೀರು ಚೆಲ್ಲುವ ಸದ್ದು ಕೇಳಿತು.

ಹೀಗೇ ಮನೆಮನೆಗೂ ಹೋದೆವು. ಬಟ್ಟೆ ಒಗೆಯಬಹುದಾ ಅಂದರು. ಒಗೆಯಬಹುದು ಅಂದೆ. ಸೊಪ್ಪಿನ ಮಡಿಗೆ ಹಾಕಬಹುದಾ? ಗೊತ್ತಿಲ್ಲ, ಕೇಳಿ ಹೇಳ್ತೀನಿ ಅಂದೆ. ಕುದಿಸಿದರೆ? ಇಲ್ಲ. ಕೊನೆಯ ಮನೆಯಲ್ಲಿ ಒಬ್ಬಂಟಿ ಅಜ್ಜಿ. ಮಾವನನ್ನು ನೋಡಿದ ಕೂಡಲೇ "ನಿನ್ನ ನೀರಿಂದಲೇ ಬದುಕಿದೀನಪ್ಪಾ" ಅಂದರು. ಮಾವ ನನ್ನ ಕಡೆ ತಿರುಗಿದರು. ನಾನು ಅಜ್ಜಿಯನ್ನು ಕೂರಿಸಿ, ಪಕ್ಕದಲ್ಲಿ ಕೂತು, ಎಲ್ಲ ಹೇಳಿದೆ. ಎರಡು ಸಲ ಹೇಳಬೇಕಾಯಿತು, ಕಿವಿ ಮಂದ. ಅಡುಗೆಮನೆಯ ಕೊಡವನ್ನು ಮಾವನೇ ಎತ್ತಿ ತಂದು ಚರಂಡಿಗೆ ಸುರಿದು, ಪೈಪಿನ ನೀರು ತುಂಬಿಟ್ಟರು.

ವಾಪಸು ಬರುವಾಗ ಮಾವ ಒಂದೇ ಒಂದು ಮಾತಾಡಿದರು. "ನಾಳೆ ಆ ಪಕ್ಕದ ಬೀದಿಗೂ ಹೋಗಬೇಕು ಮಗಳೇ. ಅವರೂ ಇಲ್ಲಿಂದಲೇ ಒಯ್ತಾರೆ." ಇವನು ಗೇಟಿನ ಹತ್ತಿರ ಕಾಯುತ್ತಿದ್ದ, ತಾನೂ ಬರುತ್ತೇನೆ ಅಂದ. ಸರಿ ಅಂದೆವು.

ಪುಟ್ಟಿ ರೂಮಿನಲ್ಲಿ ದೀಪ ಹಾಕದೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ನನ್ನ ಕೈ ಹಿಡಿದುಕೊಂಡಳು.

"ಅತ್ತಿಗೆ, ನಾನು ಬಂದಾಗಿಂದ ಅದನ್ನೇ ಕುಡಿದಿದೀನಿ. ಮಗುಗೆ ಏನಾಗುತ್ತೆ?"

"ಗೊತ್ತಿಲ್ಲ ಪುಟ್ಟಿ. ಏನೂ ಆಗದೇ ಇರಬಹುದು. ನಾಳೆ ಡಾಕ್ಟರ ಹತ್ತಿರ ನಾನೂ ಬರ್ತೀನಿ. ಸಂಖ್ಯೆ ಎಲ್ಲ ತೋರಿಸಿ ಕೇಳೋಣ."

"ಏನೂ ಆಗಲ್ಲ ಅಂತ ಹೇಳಿಬಿಡಿ ಅತ್ತಿಗೆ. ಸುಮ್ಮನೆ ಆದ್ರೂ."

ಹೇಳಲಿಲ್ಲ. ಅವಳು ಕೈ ಬಿಡಲೂ ಇಲ್ಲ.

ಡಾಕ್ಟರು ಬೆಳಗ್ಗೆ ಸಿಗುತ್ತಾರಂತೆ. ಆ ಬೀದಿಗೆ ಅಲ್ಲಿಂದ ಬಂದಮೇಲೆ ಹೋಗಬೇಕು.